ಗೆಜ್ಜೆ ಕೇಳಿಸ್ತಾ ಇದೆಯಾ?

ಭಾದ್ರಪದದ ಒಂದು ಶನಿವಾರ, ರಾತ್ರಿ ಒಂಬತ್ತು ಗಂಟೆ. ಚನ್ನರಾಯಪಟ್ಟಣದ ಅಂಗಡಿಗಳು ಬಾಗಿಲೆಳೆದಿವೆ. ಹೆದ್ದಾರಿಯ ಕಡೆಯಿಂದ ಲಾರಿಗಳ ಸದ್ದು ಬಿಟ್ಟರೆ ಓಣಿಯೆಲ್ಲ ಮಲಗಿದೆ. ಮಹಡಿಮನೆಯೊಂದರ ಹೊರಮೆಟ್ಟಿಲು ಹತ್ತಿದರೆ ಮೇಲೆ ಒಂದೇ ಕೋಣೆ. ಒಂದು ಟ್ಯೂಬ್‌ಲೈಟು, ಗೋಡೆಗೆ ಒರಗಿಸಿದ ಚಾಪೆ, ಮೂಲೆಯಲ್ಲಿ ಹೊಲಿಗೆ ಮಿಷನ್ನು. ಮಿಷನ್ನಿನ ಹಲಗೆಯ ಮೇಲೆ ಇವತ್ತು ಬಟ್ಟೆಯಿಲ್ಲ. ದಾರದ ಉಂಡೆ ಸಿಕ್ಕಿಸುವ ಕಡ್ಡಿಗೆ ಮೊಬೈಲ್ ಒರಗಿಸಿ, ಜಾರದಂತೆ ಮುಂದೆ ಕತ್ತರಿ ಅಡ್ಡ ಇಟ್ಟಿದ್ದಾರೆ.

ಅದರ ಎದುರು ನೆಲದ ಮೇಲೆ ಕೂತವರು ಹಗಲೆಲ್ಲ ಇದೇ ಮಿಷನ್ನಿನಲ್ಲಿ ರವಿಕೆ ಹೊಲಿಯುವವರು. ಈಗ ಅಂಗೈಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟುಕೊಂಡು ಮುಖಕ್ಕೆ ತೆಳ್ಳಗೆ ಸವರುತ್ತಾರೆ. ಅದರ ಮೇಲೆ ಬಣ್ಣ. ಹಣೆಯಿಂದ ಕೆಳಕ್ಕೆ, ಕಿವಿಯ ಹಿಂದಕ್ಕೆ, ಕುತ್ತಿಗೆಯ ಗುಳಿಯವರೆಗೆ ಬೆರಳ ತುದಿಯಿಂದ ತಟ್ಟಿ ತಟ್ಟಿ ಹರಡುತ್ತಾರೆ. ಗಡ್ಡದ ನೆರಳು ಬೀಳುವ ಕಡೆ ಎರಡನೇ ಸಲ. ಕಾಡಿಗೆ ಕಡ್ಡಿಯಿಂದ ಹುಬ್ಬು ತೀಡುವಾಗ ಉಸಿರು ಬಿಗಿ ಹಿಡಿಯುತ್ತಾರೆ. ಪಕ್ಕದಲ್ಲಿ ಕೂತ ನಾನೂ ಹಿಡಿಯುತ್ತೇನೆ.

“ಮದ್ಲು ಅರದಾಳ ಅರ್ದು ಹಚ್ತಿದ್ರಂತೆ ಮೇಷ್ಟ್ರೇ, ನಮ್ ಮಾವನ ಕಾಲ್ದಲ್ಲಿ. ಮುಖ ಉರ್ದೋಗದು. ಈಗೇನೂ ಪರವಾಗಿಲ್ಲ” ಅನ್ನುತ್ತಾರೆ, ಕನ್ನಡಿಯಿಂದ ಕಣ್ಣು ಕೀಳದೆ.

ಅವರ ಹೆಸರು ಬರೆಯುವುದಿಲ್ಲ. ಈ ರಾತ್ರಿ ಪರದೆಯ ಮೇಲೆ ಬರುವ ಯಾರ ಹೆಸರನ್ನೂ ಬರೆಯುವುದಿಲ್ಲ. ಅವರವರು ಅಲ್ಲಿ ಇಟ್ಟುಕೊಂಡ ಹೆಸರು ಸಾಕು. ಜೂಮ್ ಬಾಗಿಲಲ್ಲೇ ನಿಲ್ಲಿಸಿ ಹೆಸರು ಕೇಳುತ್ತದೆ. ಆಧಾರ್ ಕೇಳುವುದಿಲ್ಲ, ಅಪ್ಪನ ಹೆಸರು ಕೇಳುವುದಿಲ್ಲ. ಇವರು ಬಣ್ಣದ ಬೆರಳನ್ನು ಸೆರಗಿಗೆ ಒರಸಿಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಕನ್ನಡದಲ್ಲೇ ‘ದ್ರೌಪದಿ’ ಎಂದು ಬರೆಯುತ್ತಾರೆ. ಇದು ಸಣ್ಣ ಸಂಗತಿ ಅನ್ನಿಸೀತು. ಆದರೆ 2014ರಲ್ಲಿ ಫೇಸ್‌ಬುಕ್ಕು ದಾಖಲೆಯಲ್ಲಿರುವ ಹೆಸರೇ ಬೇಕೆಂದು ಹಟ ಹಿಡಿದು ವೇಷ ತೊಟ್ಟು ಆಡುವ ಡ್ರ್ಯಾಗ್ ಕಲಾವಿದರ ಖಾತೆಗಳನ್ನು ಮುಚ್ಚತೊಡಗಿದಾಗ, ಸ್ಯಾನ್ ಫ್ರಾನ್ಸಿಸ್ಕೊದ ಸಿಸ್ಟರ್ ರೋಮಾ ಮುಂತಾದವರು ತಿರುಗಿಬಿದ್ದರು. ಅಕ್ಟೋಬರಿನಲ್ಲಿ ಕಂಪನಿ ಕ್ಷಮೆ ಕೇಳಬೇಕಾಯಿತು. ಅಷ್ಟು ದೊಡ್ಡ ಜಗಳ ನಡೆದದ್ದು ಇಷ್ಟೇ ಜಾಗಕ್ಕೆ, ಮುಖದ ಕೆಳಗಿನ ಒಂದು ಸಾಲಿಗೆ.

ಒಂಬತ್ತೂವರೆಗೆ ಸರಿಯಾಗಿ ಬಾಗಿಲು ತೆರೆಯುತ್ತದೆ. ಮೊದಲು ನಮ್ಮ ಮುಖ, ಆಮೇಲೆ ಒಂದೊಂದೇ ಚೌಕ. ಲಂಡನ್ನಿನಲ್ಲಿ ಸಂಜೆ ಐದು. ಅಲ್ಲಿಂದ ಒಬ್ಬರು ಅಂಟಿಸುವ ಮೀಸೆಯನ್ನು ಕೈಯಲ್ಲೇ ಹಿಡಿದುಕೊಂಡು ಬಂದಿದ್ದಾರೆ. ಮೆಕ್ಸಿಕೊದಲ್ಲಿ ಬೆಳಗಿನ ಹತ್ತು. ಹೂಚಿತಾನ್ ಎಂಬ ಊರಿನ ಒಬ್ಬ ಮುಷೆ, ಹೂವಿನ ಕಸೂತಿ ತುಂಬಿದ ಅಂಗಿ ತೊಟ್ಟು ಕೂತಿದ್ದಾರೆ. ಅವರ ಸೀಮೆಯಲ್ಲಿ ಹಿಂದಿನಿಂದಲೂ ಗಂಡು ಹೆಣ್ಣಿನ ನಡುವೆ ಮುಷೆ ಎಂಬ ಒಂದು ಜಾಗವಿದೆ. ಆಕ್ಲೆಂಡಿನಲ್ಲಿ ಭಾನುವಾರದ ಬೆಳಗಿನ ಜಾವ ನಾಲ್ಕು. ಸಮೋವಾ ಮೂಲದ ಒಬ್ಬರು ಕಂಬಳಿ ಹೊದ್ದು ಆಕಳಿಸುತ್ತ ಕೈ ಬೀಸುತ್ತಾರೆ. ಜಾವಾದಲ್ಲಿ ರಾತ್ರಿ ಹನ್ನೊಂದು. ಬನ್ಯುಮಾಸ್ ಸೀಮೆಯ ಒಬ್ಬ ಲೆಂಗ್ಗರ್ ನರ್ತಕರು ಆಗಲೇ ಅರ್ಧ ಬಣ್ಣ ಮುಗಿಸಿದ್ದಾರೆ.

ಕೊನೆಗೆ ನಮ್ಮ ಜಿಲ್ಲೆಯದೇ ಎರಡು ಚೌಕ. ಹೊಳೆನರಸೀಪುರದವರು ಇಟ್ಟುಕೊಂಡ ಹೆಸರು ‘ಹೇಮಾವತಿ’, ಊರು ಬಳಸಿ ಹರಿಯುವ ಹೊಳೆಯದೇ. ಅರಕಲಗೂಡಿನವರು ‘ಕಿಡಿ’.

ಇಲ್ಲಿ ನನ್ನ ಕೆಲಸ ಮಾತು ದಾಟಿಸುವುದು. ತಿಂಗಳಿಗೊಂದು ಸಲ ಹಾಸನದಿಂದ ಸಂಜೆಯ ಬಸ್ಸು ಹಿಡಿದು ಬರುತ್ತೇನೆ. ಸಭೆಯ ಮಾತು ಇಂಗ್ಲಿಷಿನಲ್ಲಿ. ಅದೂ ಒಬ್ಬೊಬ್ಬರದು ಒಂದೊಂದು ಬಗೆಯ ಇಂಗ್ಲಿಷು. ಅದನ್ನು ಕನ್ನಡಕ್ಕೆ ತಂದು, ಕನ್ನಡವನ್ನು ಅತ್ತ ಸಾಗಿಸಬೇಕು. ‘ಕ್ವಿಯರ್’ ಎಂಬ ಮಾತು ಮೊದಲ ಸಲ ಬಂದಾಗ ತಡವರಿಸಿದ್ದೆ. ಸರ್ಕಾರಿ ಕಾಗದದ ‘ಲಿಂಗತ್ವ ಅಲ್ಪಸಂಖ್ಯಾತರು’ ಎಂದು ಹೇಳಿ ನೋಡಿದೆ. ದ್ರೌಪದಿಗೆ ಅದು ತಾಲ್ಲೂಕು ಕಚೇರಿಯ ಅರ್ಜಿಯ ಹಾಗೆ ಕೇಳಿಸಿತು. “ನಮ್ಮಂಥೋರು ಅಂದ್ಬುಡಿ ಮೇಷ್ಟ್ರೇ, ಸಾಕು” ಅಂದರು. ಅಂದಿನಿಂದ ಅದೇ ಆಯಿತು. ಅದರಲ್ಲಿ ಎಲ್ಲರೂ ಹಿಡಿಸುತ್ತಾರೆ. ಇನ್ನೊಂದು ವಿಷಯದಲ್ಲಿ ಕನ್ನಡವೇ ನನ್ನ ಕೆಲಸ ಹಗುರ ಮಾಡಿದೆ. ಇಂಗ್ಲಿಷಿನವರು ತಮ್ಮನ್ನು ಯಾವ ಸರ್ವನಾಮದಿಂದ ಕರೆಯಬೇಕೆಂದು ಒಬ್ಬೊಬ್ಬರಾಗಿ ಹೇಳಿಕೊಳ್ಳುತ್ತಾರೆ. ನಮ್ಮಲ್ಲಿ ‘ಅವರು’ ಎಂದರೆ ಮರ್ಯಾದೆಯೂ ಸಂದಿತು, ಗಂಡೋ ಹೆಣ್ಣೋ ಎಂಬ ತಗಾದೆಯೂ ಇಲ್ಲ.

‘ದ್ರೌಪದಿ’ ಎಂಬ ಹೆಸರು ಎಲ್ಲಿಂದ ಬಂತು ಎಂಬುದನ್ನು ಹೇಳಬೇಕು. ಈ ಸೀಮೆಗೆ ನಾಟಕದ ಹುಚ್ಚಿದೆ. ಸುಗ್ಗಿ ಮುಗಿದು ಜಾತ್ರೆ ಶುರುವಾದರೆ ಊರೂರಿಗೆ ‘ಕುರುಕ್ಷೇತ್ರ’. ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡಿ ತಿಂಗಳುಗಟ್ಟಲೆ ತಾಲೀಮು, ಬಾಡಿಗೆ ಸೀನರಿ, ಪಾತ್ರಕ್ಕಿಷ್ಟು ಎಂದು ಕೈಯಿಂದ ದುಡ್ಡು ಕಟ್ಟಿ ದುರ್ಯೋಧನನಾಗುವ ರೈತರು. ಹಾಸನದ ಹಾಸನಾಂಬ ಕಲಾಕ್ಷೇತ್ರದಲ್ಲಿ ಇಂಥ ನಾಟಕ ನಡೆದರೆ ಕಂದಪದ್ಯದ ಎಳೆತ ಹೊರಗಿನ ರಸ್ತೆಗೂ ಕೇಳುತ್ತದೆ. ಅದಕ್ಕೂ ಹಳೆಯದು ಮೂಡಲಪಾಯ ಯಕ್ಷಗಾನ. ಹಾಸನ, ತುಮಕೂರು, ಮಂಡ್ಯದ ಕಡೆ ಉಳುವವರೇ ಮುಖವೀಣೆಯ ಶ್ರುತಿಗೆ ಬೆಳಗಾಗುವ ತನಕ ಕುಣಿದ ಆಟ. ಅಲ್ಲಿ ಹೆಣ್ಣುವೇಷವನ್ನೂ ಗಂಡಸರೇ ಹಾಕುತ್ತ ಬಂದರು. ಇವರು ಸೀರೆ ಉಡಲು ಕಲಿತದ್ದು ಸೋದರಮಾವನ ಮೇಳದಲ್ಲಿ, ಹನ್ನೆರಡನೇ ವಯಸ್ಸಿಗೆ. ಆಮೇಲೆ ಹದಿನೈದು ವರ್ಷ ಸುತ್ತಲ ಹಳ್ಳಿಗಳಿಗೆಲ್ಲ ಇವರೇ ದ್ರೌಪದಿ.

ವಸ್ತ್ರಾಪಹರಣದ ದೃಶ್ಯದಲ್ಲಿ ಇವರಿಗೆ ನೋಟಿನ ಹಾರ ಬಿದ್ದದ್ದಿದೆ. ಮುದುಕಿಯರು ರಂಗದ ಬುಡಕ್ಕೆ ಬಂದು ಕೈಮುಗಿದದ್ದಿದೆ. ಬೆಳಗಿನ ಜಾವ ಬಣ್ಣ ತೊಳೆದು, ಪ್ಯಾಂಟು ಷರ್ಟು ಹಾಕಿಕೊಂಡು ಅದೇ ಊರಿನ ಬಸ್ ನಿಲ್ದಾಣಕ್ಕೆ ಬಂದರೆ, ರಾತ್ರಿ ಕೈಮುಗಿದವರ ಮಕ್ಕಳೇ ನಡಿಗೆ ನೋಡಿ ಸಿಳ್ಳೆ ಹೊಡೆದದ್ದೂ ಇದೆ. ನಡಿಗೆ ರಾತ್ರಿಯದೇ, ಮೈಯೂ ಅದೇ. ನಡುವೆ ಒಂದು ಚೊಂಬು ನೀರು, ಅಷ್ಟೇ. ಬರಬರುತ್ತ ಆ ರಾತ್ರಿಯೂ ಕೈಬಿಟ್ಟಿತು. ಈಗ ಸ್ತ್ರೀಪಾತ್ರಕ್ಕೆ ನಟಿಯರನ್ನೇ ಕರೆಸುತ್ತಾರೆ. ಹೆಣ್ಣುಮಕ್ಕಳು ರಂಗಕ್ಕೆ ಬಂದದ್ದು ನ್ಯಾಯವೇ, ಇವರಿಗೂ ಅದರ ಬಗ್ಗೆ ಬೇಸರವಿಲ್ಲ. ಆದರೆ ಹೆಣ್ಣುವೇಷವೆಂಬುದು ಕೆಲವರಿಗೆ ಉಸಿರು ಬಿಡಲು ಇದ್ದ ಒಂದೇ ಕಿಟಕಿಯಾಗಿತ್ತು, ಅದು ಮುಚ್ಚಿಕೊಂಡಿತು ಎಂಬ ಮಾತನ್ನು ಯಾರೂ ಆಡಲಿಲ್ಲ.

ಈ ಸಭೆಯಲ್ಲಿ ನನಗೆ ಹಿಡಿಸಿದ್ದು ಇದು: ಇಲ್ಲಿ ಬಣ್ಣ ಹಚ್ಚುವುದಕ್ಕೆ ಮೊದಲೇ ಬರುತ್ತಾರೆ, ಬಣ್ಣ ಒರಸಿದ ಮೇಲೂ ಇರುತ್ತಾರೆ. ಕರಾವಳಿಯ ಮೇಳದವರು ವೇಷ ಕಟ್ಟುವ ಜಾಗಕ್ಕೆ ಚೌಕಿ ಅನ್ನುತ್ತಾರೆ. ಇದು ಆ ಬಗೆಯ ಒಂದು ಚೌಕಿ. ಆಟ ನಡುವೆ ಅರ್ಧ ಗಂಟೆ ಮಾತ್ರ. ಮಿಕ್ಕ ಹೊತ್ತೆಲ್ಲ ಪಿನ್ನು, ಗೋಂದು, ಸೆರಗಿನ ನಿರಿಗೆ, ಮನೆಯ ತಾಪತ್ರಯ.

ಇವತ್ತು ಮಾತು ಜಾವಾದವರ ತುರುಬಿನಿಂದ ಶುರುವಾಯಿತು. ಕಪ್ಪು ತುರುಬನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿ ಅವರು “ಕೊಂಡೆ” ಅಂದರು. ನಾನು ದಾಟಿಸುವ ಮೊದಲೇ ದ್ರೌಪದಿ ತಮ್ಮ ಚೌರಿಯ ತುದಿಯ ಕುಚ್ಚು ಹಿಡಿದು “ಕೊಂಡೆ! ನಮ್ಮಲ್ಲೂ ಕೊಂಡೆ!” ಎಂದು ಕೂಗಿದರು. ತಮಿಳಿನವರು ತುರುಬಿಗೇ ಕೊಂಡೈ ಅನ್ನುತ್ತಾರೆ. ಯಾವ ಹಡಗು ಹತ್ತಿ ಈ ಮಾತು ಅತ್ತ ಹೋಯಿತೋ, ಇತ್ತ ಬಂತೋ. ಇಬ್ಬರೂ ತಮ್ಮ ತಮ್ಮ ಕೊಂಡೆಯನ್ನು ಕ್ಯಾಮೆರಾಕ್ಕೆ ಹಿಡಿದು ನಗುತ್ತಿದ್ದರು.

ಲೆಂಗ್ಗರ್ ಎಂಬ ಹೆಸರನ್ನು ಬನ್ಯುಮಾಸಿನ ಜನ ಹೀಗೆ ಬಿಡಿಸುತ್ತಾರೆ: ‘ಲೆಂಗ್’ ಎಂದರೆ ರಂಧ್ರ, ಅದು ಹೆಣ್ಣಿನ ಗುರುತು, ‘ಜೆಂಗ್ಗರ್’ ಎಂದರೆ ಹುಂಜದ ಜುಟ್ಟು, ಅದು ಗಂಡಿನ ಗುರುತು. ಗಂಡಸರು ಹೆಣ್ಣಾಗಿ ಕುಣಿಯುವ ಲೆಂಗ್ಗರ್ ಲಾನಾಂಗ್ ಅಲ್ಲಿಯ ಹಳೆಯ ಕಲೆ. ಚಾಲುಂಗ್ ಎಂಬ ಬಿದಿರಿನ ವಾದ್ಯಕ್ಕೆ, ಸೊಂಟಕ್ಕೆ ಕಟ್ಟಿದ ಸಂಪೂರ್ ಎಂಬ ಉದ್ದನೆಯ ವಸ್ತ್ರವನ್ನು ಬೆರಳ ತುದಿಯಲ್ಲಿ ಚಿಮ್ಮುತ್ತ ಕುಣಿಯುತ್ತಾರೆ. ಆ ಸೀಮೆಯ ರಿಯಾಂತೊ ಎಂಬ ನರ್ತಕರು ಇದನ್ನು ದೇಶ ದೇಶಕ್ಕೆ ಒಯ್ದಿದ್ದಾರೆ. ಅವರ ಬದುಕಿನಿಂದ ಎಳೆ ತೆಗೆದು ಗರಿನ್ ನುಗ್ರೊಹೊ 2018ರಲ್ಲಿ ಸಿನಿಮಾವನ್ನೇ ಮಾಡಿದರು.

ದ್ರೌಪದಿ ಇಂದು ಮುಡಿ ಬಿಚ್ಚಿದ ದೃಶ್ಯ ಆಡುವುದೆಂದು ಗೊತ್ತಾಗಿತ್ತು. ನಾನು ಕಥೆ ವಿವರಿಸಲು ಹೊರಟರೆ ಜಾವಾದವರು ಕೈ ಅಡ್ಡ ಹಿಡಿದು, “ದ್ರುಪದಿ ನಮಗೂ ಗೊತ್ತು” ಅಂದರು. ಅವರ ತೊಗಲುಗೊಂಬೆಯಾಟದಲ್ಲಿ ಮಹಾಭಾರತ ಇಂದಿಗೂ ರಾತ್ರಿಯಿಡೀ ನಡೆಯುತ್ತದೆ. ಅಲ್ಲಿ ದ್ರೌಪದಿ ಧರ್ಮರಾಯನೊಬ್ಬನ ಹೆಂಡತಿ.

“ಒಬ್ನೇ ಗಂಡನಾ?” ದ್ರೌಪದಿ ಕಣ್ಣರಳಿಸಿದರು. “ಪುಣ್ಯವಂತೆ ಕಣಪ್ಪ.”

ಆಮೇಲೆ ಜಾವಾದವರು ಆಡಿದ ಮಾತು ದಾಟಿಸುವುದು ನನಗೆ ಸುಲಭವಾಗಲಿಲ್ಲ. ಅವರ ಕಡೆ ಶ್ರೀಕಂಡಿ ಎಂದರೆ ಬಿಲ್ಲು ಹಿಡಿದ ವೀರ ಹೆಣ್ಣು, ಅರ್ಜುನನ ಮಡದಿ. ಗಟ್ಟಿಗಿತ್ತಿಯರನ್ನು ಹೊಗಳುವಾಗ ಶ್ರೀಕಂಡಿ ಅನ್ನುತ್ತಾರೆ. 1988ರ ಸಿಯೋಲ್ ಒಲಿಂಪಿಕ್ಸಿನಲ್ಲಿ ಮೂವರು ಬಿಲ್ಲುಗಾರ್ತಿಯರು ಬೆಳ್ಳಿ ಗೆದ್ದು ಇಂಡೊನೇಷ್ಯಾಕ್ಕೆ ಮೊತ್ತಮೊದಲ ಒಲಿಂಪಿಕ್ ಪದಕ ತಂದಾಗ ದೇಶವೇ ಅವರನ್ನು ಶ್ರೀಕಂಡಿಯರೆಂದು ಕೊಂಡಾಡಿತು. ಆ ಮೂವರ ಕಥೆ ಅದೇ ಹೆಸರಿನಲ್ಲಿ 2016ರಲ್ಲಿ ಸಿನಿಮಾ ಆಯಿತು.

ಶ್ರೀಕಂಡಿ ಎಂದರೆ ನಮ್ಮ ಶಿಖಂಡಿ. ದ್ರೌಪದಿಯ ಒಡಹುಟ್ಟು.

ಈ ಕೋಣೆಯಲ್ಲಿ ಕೂತವರಿಗೆ ಆ ಹೆಸರು ಎಷ್ಟು ಸಲ, ಯಾವ ದನಿಯಲ್ಲಿ ಬಿದ್ದಿದೆ ಎಂದು ನನಗೆ ಗೊತ್ತು. ಶಾಲೆಯ ಅಂಗಳದಲ್ಲಿ, ಬಸ್ಸಿನ ಹಿಂದಿನ ಸೀಟಿನಿಂದ, ಒಮ್ಮೆ ಸ್ವಂತ ಅಣ್ಣನ ಬಾಯಿಂದ. ಅನುವಾದ ಮಾಡಿ ಸುಮ್ಮನಾದೆ. ದ್ರೌಪದಿ ಕೈಯಲ್ಲಿದ್ದ ಪಿನ್ನನ್ನು ತುಟಿಯಲ್ಲಿ ಕಚ್ಚಿಕೊಂಡು, ಸೆರಗಿನ ನಿರಿಗೆಯನ್ನು ಒಂದೊಂದಾಗಿ ಬೆರಳಿನಲ್ಲಿ ಎಣಿಸಿ ಮಡಿಚಿದರು. ಹೆಗಲಿಗೆ ಪಿನ್ನು ಚುಚ್ಚಿಕೊಂಡ ಮೇಲೆ ಕೇಳಿದರು, “ಪದಕ ಗೆದ್ದೋರಿಗಾ, ಆ ಹೆಸ್ರು?”

“ಹೂಂ.”

“ಇನ್ನೊಂದ್ಸಲ ಹೇಳಕ್ಕೇಳಿ.”

ಜಾವಾದವರು ಇನ್ನೊಮ್ಮೆ ಹೇಳಿದರು. ಶ್ರೀಕಂಡಿ. ಅದರ ಮೊದಲಲ್ಲಿ ‘ಶ್ರೀ’ ಇತ್ತು.

ಅಷ್ಟು ಹೊತ್ತಿಗೆ ಅರಕಲಗೂಡಿನ ಚೌಕದಲ್ಲಿ ಕೆಂಪು ಬೆಳಕು ಎದ್ದಿತು. ಕಿಡಿ ಒಲೆಗೆ ಸೌದೆ ನೂಕುತ್ತಿದ್ದರು. ಅವರು ಕೂತಿರುವುದು ಹೊಗೆಸೊಪ್ಪಿನ ಬ್ಯಾರನ್ ಮುಂದೆ. ಇದು ಸೊಪ್ಪು ಬೇಯಿಸುವ ಕಾಲ. ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ ಒಳಗೆ ನೇತುಹಾಕಿದರೆ, ಆರೇಳು ದಿನ ಒಲೆ ಆರಬಾರದು, ಶಾಖ ಒಂದೇ ಏಟಿಗೆ ಏರಲೂಬಾರದು. ಥರ್ಮಾಮೀಟರು ನೋಡುತ್ತ ಯಾರಾದರೊಬ್ಬರು ರಾತ್ರಿಯಿಡೀ ಎದ್ದಿರಬೇಕು. ಬೆಂದ ಸೊಪ್ಪು ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೋಗುತ್ತದೆ. ಮನೆಯಲ್ಲಿ ಮಿಕ್ಕವರೆಲ್ಲ ಮಲಗುವ ಆ ಕಾವಲನ್ನು ಕಿಡಿ ತಾವಾಗಿಯೇ ಕೇಳಿ ಪಡೆದಿದ್ದಾರೆ. ಒಲೆಯ ಬೆಳಕೇ ಅವರ ರಂಗದ ಬೆಳಕು. ಲುಂಗಿಯ ಮೇಲೆ ಅಕ್ಕನ ದುಪಟ್ಟಾ, ಕಣ್ಣಿಗೆ ಒಲೆಯ ಮಸಿಯಲ್ಲೇ ತೀಡಿದ ಗೆರೆ.

ಕಿಡಿ ದ್ರೌಪದಿಯಂತೆ ಮೇಳದಿಂದ ಬಂದವರಲ್ಲ, ಟಿಕ್‌ಟಾಕ್‌ನಿಂದ ಬಂದವರು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಹಳ್ಳಿಯ ಹಿತ್ತಿಲು ಹಿತ್ತಿಲಿನಲ್ಲಿ ಕಲಾವಿದರು ಹುಟ್ಟಿದರು. ಟಿಕ್‌ಟಾಕ್‌ನಲ್ಲಿ ಡ್ಯುಯೆಟ್ ಎಂಬ ಸೌಲಭ್ಯವಿತ್ತು. ಪರದೆಯ ಒಂದು ಪಾಲಿನಲ್ಲಿ ಎಲ್ಲಿಯವರೋ ಕುಣಿದಿಟ್ಟಿರುತ್ತಾರೆ, ಇನ್ನೊಂದು ಪಾಲಿನಲ್ಲಿ ನೀವು ಕುಣಿದು ಜೋಡಿಸಬಹುದು. ಭಾಷೆ ಬೇಡ, ಪರಿಚಯ ಬೇಡ. ಥಾಯ್ಲೆಂಡಿನ ಒಬ್ಬರ ಜೊತೆ ಕಿಡಿ ಹಾಗೆ ಇಪ್ಪತ್ತಕ್ಕೂ ಹೆಚ್ಚು ಡ್ಯುಯೆಟ್ ಮಾಡಿದ್ದರು.

2020ರ ಜೂನ್ 27. ಕೋವಿಡ್ಡಿನಿಂದ ಊರೂರ ಪ್ರೈಡ್ ಮೆರವಣಿಗೆಗಳು ನಿಂತುಹೋಗಿ, ಇಂಟರ್‌ಪ್ರೈಡ್ ಮತ್ತು ಯುರೋಪಿನ ಪ್ರೈ‌ಡ್ ಸಂಘಟಕರ ಒಕ್ಕೂಟ ಸೇರಿ ‘ಗ್ಲೋಬಲ್ ಪ್ರೈಡ್’ ಎಂದು 24 ಗಂಟೆಗಳ ನೇರಪ್ರಸಾರ ನಡೆಸಿದವು. ಹಾಸನದ ಮನೆಯಲ್ಲಿ ಕೂತು ನಾನೂ ನಡುರಾತ್ರಿಯವರೆಗೆ ನೋಡಿದೆ. ಎರಡು ದಿನ ಕಳೆದು ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ಗಡಿಯ ಕಾರಣಗಳು ಸರ್ಕಾರಕ್ಕೆ ಇದ್ದವು. ಅರಕಲಗೂಡಿನ ಒಂದು ಹಿತ್ತಿಲಿನಲ್ಲಿ ಅರ್ಧ ಪರದೆ ಕತ್ತಲಾಯಿತು. ಥಾಯ್ಲೆಂಡಿನವರ ಹೆಸರು ಕಿಡಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅವರು ಬಲಗೈ ತಿರುಗಿಸುವ ರೀತಿ ಮಾತ್ರ. ಇವತ್ತಿಗೂ ಹೊಸಬರು ಸಭೆಗೆ ಬಂದರೆ ಕಿಡಿ ಮೊದಲು ಅವರ ಬಲಗೈ ನೋಡುತ್ತಾರೆ.

ಹೇಮಾವತಿಯ ಹಿನ್ನೆಲೆಯಲ್ಲಿ ಬೇಲೂರಿದೆ. ನಿಜದ ಬೇಲೂರಲ್ಲ, ಜೂಮ್‌ನಲ್ಲಿ ಹಾಕಿಕೊಳ್ಳುವ ಚಿತ್ರ. ಚೆನ್ನಕೇಶವ ದೇಗುಲದ ನವರಂಗದ ಕಂಬದಲ್ಲಿ ಮೋಹಿನಿ ನಿಂತಿದ್ದಾಳೆ, ವಿಷ್ಣುವೇ ಹೆಣ್ಣಾಗಿ ನಿಂತ ರೂಪ. ಕ್ರಿ.ಶ. 1117ರಲ್ಲಿ ಎದ್ದ ಗುಡಿ. ಇವರು ಅದನ್ನು ಹಾಕಿಕೊಂಡಿರುವುದು ಅಂದಕ್ಕಲ್ಲ. ಹಿಂದೆ ಇರುವುದು ಮನೆಯ ಬೀರು, ಗೋಡೆಯ ಮೇಲೆ ಅಪ್ಪ ಅಮ್ಮನ ಮದುವೆಯ ಫೋಟೊ; ಅದು ಕಾಣಬಾರದು. ಮೈಕು ಆಫ್, ಪಕ್ಕದ ಕೋಣೆಯಲ್ಲಿ ಎಲ್ಲರೂ ಮಲಗಿದ್ದಾರೆ. ಹಾಗಾಗಿ ಹೇಮಾವತಿಯ ನಾಟ್ಯಕ್ಕೆ ಸದ್ದಿಲ್ಲ. ಹಾಸಿಗೆಯ ಮೇಲೆ ಮಂಡಿಯೂರಿ, ಬರಿಯ ಕೈ ಮತ್ತು ಕಣ್ಣಿನಲ್ಲಿ ಆಡುತ್ತಾರೆ. ಕೈ ಬೀಸಿದಾಗ ಯಂತ್ರಕ್ಕೆ ಕೈ ಯಾವುದು ಕಂಬ ಯಾವುದು ತಿಳಿಯದೆ ಬೆರಳುಗಳು ಕಲ್ಲಿನೊಳಗೆ ಕರಗುತ್ತವೆ, ಮತ್ತೆ ಮೋಹಿನಿಯ ಪಕ್ಕದಲ್ಲಿ ಮೂಡುತ್ತವೆ. ಮೂರು ನಿಮಿಷ ಯಾರೂ ಮಿಸುಕಲಿಲ್ಲ. ಮುಗಿದ ಮೇಲೆ ಎಲ್ಲ ಚೌಕಗಳಲ್ಲೂ ಹತ್ತು ಹತ್ತು ಬೆರಳು ಗಾಳಿಯಲ್ಲಿ ಆಡಿದವು. ಸದ್ದಿಲ್ಲದವರಿಗೆ ಸದ್ದಿಲ್ಲದ ಚಪ್ಪಾಳೆ.

ಚಪ್ಪಾಳೆಗೂ ಇಲ್ಲಿ ಒಂದು ಕಷ್ಟವಿದೆ. ಮಾತು ಬಿಟ್ಟು ಉಳಿದದ್ದೆಲ್ಲ ಗದ್ದಲವೆಂದು ಯಂತ್ರಕ್ಕೆ ಕಲಿಸಿದ್ದಾರೆ. ಫ್ಯಾನಿನ ಸದ್ದನ್ನು ಅಳಿಸುವ ಹಾಗೆಯೇ ಅದು ತಾಳವನ್ನು, ಗೆಜ್ಜೆಯನ್ನು, ಚಪ್ಪಾಳೆಯನ್ನು ಅಳಿಸುತ್ತದೆ. ಹಿಜ್ರಾ ಸಮುದಾಯದ ಚಪ್ಪಾಳೆಯನ್ನು ಈ ದೇಶದಲ್ಲಿ ಕಿವಿಯಿದ್ದವರೆಲ್ಲ ಗುರುತಿಸುತ್ತಾರೆ. ಯಂತ್ರ ಅದನ್ನೇ ನುಂಗುತ್ತದೆ. ಇದನ್ನು ಕೇಳಿದ ಲಂಡನ್ನಿನವರು ಒಂದು ಹಳೆಯ ಕಾಯ್ದೆಯನ್ನು ನೆನೆದರು. 1871ರಲ್ಲಿ ಬ್ರಿಟಿಷ್ ಸರ್ಕಾರ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೇ ಭಾಗ ಇದ್ದದ್ದು ಹಿಜ್ರಾ ಸಮುದಾಯದ ಮೇಲೆಯೇ. ಪಟ್ಟಿಯಲ್ಲಿ ಹೆಸರಿದ್ದವರು ಹೆಣ್ಣುಡುಗೆ ತೊಟ್ಟು ಬೀದಿಗೆ ಬಂದರೆ, ಕುಣಿದರೆ, ವಾದ್ಯ ನುಡಿಸಿದರೆ ವಾರಂಟಿಲ್ಲದೆ ಹಿಡಿಯಬಹುದಿತ್ತು, ಎರಡು ವರ್ಷದವರೆಗೆ ಸೆರೆಗೆ ಹಾಕಬಹುದಿತ್ತು. “ಕುಣಿದ್ರೆ ಜೈಲಾ?” ದ್ರೌಪದಿ ನನ್ನನ್ನು ಎರಡು ಸಲ ಕೇಳಿದರು, ನಾನು ತಪ್ಪಾಗಿ ದಾಟಿಸಿದೆನೇನೋ ಎಂಬಂತೆ.

ಆಮೇಲೆ ಲಂಡನ್ನಿನವರು ಮೀಸೆ ಅಂಟಿಸಿಕೊಂಡು ಆಡಿದರು. ಹೆಣ್ಣಾಗಿ ಹುಟ್ಟಿ ಗಂಡುವೇಷ ಆಡುವ ಡ್ರ್ಯಾಗ್ ಕಿಂಗ್. ದ್ರೌಪದಿಗೆ ಅದು ಹೊಸದಲ್ಲ. 1958ರಲ್ಲಿ ಹೆಂಗಸರದೇ ‘ಸ್ತ್ರೀ ನಾಟಕ ಮಂಡಳಿ’ ಕಟ್ಟಿ ಕಂಸ, ರಾವಣರಾಗಿ ಅಬ್ಬರಿಸಿದ ಆರ್. ನಾಗರತ್ನಮ್ಮನವರ ಹೆಸರು ಹೇಳಿ, “ನಮ್ಮವ್ರು ಗದೆ ಎತ್ತಿದ್ರೆ ಮೊದಲ ಸಾಲಿನೋರು ಹಿಂದಕ್ ಸರೀತಿದ್ರಂತೆ, ಹೇಳಿ ಅವ್ರಿಗೆ” ಅಂದರು. ಹೇಳಿದೆ. ಲಂಡನ್ನಿನವರು ಹೆಸರನ್ನು ಬರೆದುಕೊಂಡರು, ಅಕ್ಷರ ಅಕ್ಷರ ಕೇಳಿ.

ಹತ್ತೂಮುಕ್ಕಾಲಿಗೆ ದ್ರೌಪದಿಯ ಸರದಿ. ಮಿಷನ್ನನ್ನು ಗೋಡೆಗೆ ನೂಕಿ ಜಾಗ ಮಾಡಿಕೊಂಡೆವು. ದ್ರೌಪದಿ ನಿಂತು, ಚೌರಿ ಬಿಚ್ಚಿ ಹರಡಿ, ನೆಲಕ್ಕೆ ಒಂದು ಹೆಜ್ಜೆ ಬಡಿದರು. ನೂರು ಗೆಜ್ಜೆಯ ಪಟ್ಟಿ. ಕೋಣೆಯ ಗಾಜು ಅದುರಿತು.

“ಗೆಜ್ಜೆ ಕೇಳಿಸ್ತಾ ಇದೆಯಾ?”

ಯಾರಿಗೂ ಕೇಳಿಸಿರಲಿಲ್ಲ. ‘ಒರಿಜಿನಲ್ ಸೌಂಡ್’ ಎಂಬ ಗುಂಡಿಯನ್ನು ಹುಡುಕಿ ಒತ್ತಿದರೆ ಯಂತ್ರ ಕತ್ತರಿಸುವುದನ್ನು ಬಿಡುತ್ತದೆ. ಒತ್ತಿದೆ. ಇನ್ನೊಂದು ಹೆಜ್ಜೆ. ಒಂದು ಕ್ಷಣ ತಡವಾಗಿ ಎಲ್ಲರ ಮುಖವೂ ಒಟ್ಟಿಗೆ ಅರಳಿತು.

ಕಂದ ಎತ್ತಿಕೊಂಡು ಅವರು ಹತ್ತು ನಿಮಿಷ ಆಡಿದರು. ನಾನು ಅನುವಾದಿಸಲಿಲ್ಲ, ಯಾರೂ ಕೇಳಲೂ ಇಲ್ಲ. ಅರಕಲಗೂಡಿನಲ್ಲಿ ಸೌದೆ ನೂಕುವುದು ಮರೆತು ಕಿಡಿ ಕೂತಿದ್ದರು. ಮುಡಿ ಕಟ್ಟಲಾರೆ ಎಂದು ಶಪಥ ಮಾಡುವ ಕಡೆ ಕರೆಂಟು ಹೋಯಿತು. ಮೊಬೈಲಿನ ಬೆಳಕು ಕೆಳಗಿನಿಂದ ಮುಖಕ್ಕೆ ಬೀಳುತ್ತಿತ್ತು. ಗಲ್ಲ, ಮೂಗುತಿ, ಕಣ್ಣು. ಅವರು ನಿಲ್ಲಿಸಲಿಲ್ಲ.

ಆಮೇಲೆ ಜಾವಾದವರಿಗೆ ಆಸೆಯಾಯಿತು, ಇಬ್ಬರೂ ಒಟ್ಟಿಗೆ ಒಂದು ಸುತ್ತು ಆಡೋಣವೆಂದು. ಆಗದ ಮಾತು ಎಂದು ಎಲ್ಲರಿಗೂ ಗೊತ್ತು. ಸೆಕೆಂಡಿನ ಮೂವತ್ತನೇ ಒಂದು ಪಾಲು ತಡವಾದರೂ ಕೂಡಿ ನುಡಿಸುವವರ ತಾಳ ಎಡವುತ್ತದೆ. ಇಲ್ಲಿ ಸದ್ದು ಸಮುದ್ರ ದಾಟಿ ಬರಬೇಕು. ಆದರೂ ಅವರ ಬಿದಿರಿನ ಚಾಲುಂಗ್ ಶುರುವಾಯಿತು, ಇವರ ಗೆಜ್ಜೆ ಸೇರಿತು. ಮೊದಲ ಸುತ್ತು ಹೇಗೋ ಕೂಡಿತು. ಎರಡನೆಯದರಲ್ಲಿ ಅರ್ಧ ಹೆಜ್ಜೆ ಜಾರಿತು. ಮೂರನೆಯದರಲ್ಲಿ ಅವರ ಸಂಪೂರ್ ಮೇಲೇಳುವಾಗ ಇವರ ಸೆರಗು ಕೆಳಗಿಳಿಯುತ್ತಿತ್ತು. ಇಬ್ಬರೂ ಬಿಡಲಿಲ್ಲ. ಕೊನೆಗೆ ಉಸಿರು ಸಾಲದೆ, ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು.

ದ್ರೌಪದಿ ಮೊಬೈಲಿನ ಹತ್ತಿರ ಬಂದು, ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಜಾವಾದವರ ಚೌಕದ ಸುತ್ತ ಮೂರು ಸಲ ಇಳಿ ತೆಗೆದು, ಹಣೆಯ ಪಕ್ಕಕ್ಕೆ ಬೆರಳು ಒತ್ತಿ ನೆಟಿಗೆ ಮುರಿದರು. ಅದೇನೆಂದು ಎಲ್ಲರೂ ಕೇಳಿದರು. 2021ರ ನವೆಂಬರ್ 9ರ ಕಥೆ ಹೇಳಿದೆ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರು, ನಮ್ಮ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದವರು, ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಹೋದಾಗ ಮೊದಲು ರಾಷ್ಟ್ರಪತಿಗಳಿಗೆ ಸೆರಗಿನಿಂದ ಹೀಗೆಯೇ ದೃಷ್ಟಿ ತೆಗೆದರು. ತಲೆಯ ಮೇಲೆ ಕೊಡ ಹೊತ್ತು ಚೌಡಿಕೆಗೆ ಕುಣಿಯುವ ಜೋಗತಿ ನೃತ್ಯವನ್ನು ಅವರು ಗುರು ಕಾಳವ್ವ ಜೋಗತಿಯವರಿಂದ ಕಲಿತವರು. ಅದೇ ಸಾಲಿನ ಪದ್ಮಶ್ರೀ ಪಟ್ಟಿಯಲ್ಲಿ ಬಿಹಾರದ ರಾಮಚಂದ್ರ ಮಾಂಝಿ ಇದ್ದರು, ಬದುಕಿನುದ್ದಕ್ಕೂ ಹೆಣ್ಣಾಗಿ ಲೌಂಡಾ ನಾಚ್ ಕುಣಿದ ಮುದುಕ. ಕೇಳಿ ಮುಗಿಸಿದ ಆಕ್ಲೆಂಡಿನವರು ಹೊದ್ದ ಕಂಬಳಿಯ ಅಂಚನ್ನೇ ಹಿಡಿದು ನಮಗೆಲ್ಲ ದೃಷ್ಟಿ ತೆಗೆದರು. ಅಲ್ಲಿ ಆಗಲೇ ಬೆಳಕು ಹರಿಯುತ್ತಿತ್ತು.

ಆಮೇಲೆ ಎಲ್ಲರೂ ಬಣ್ಣ ತೆಗೆಯಲು ಕೂತರು. ಯಾರೂ ಕ್ಯಾಮೆರಾ ಆರಿಸಲಿಲ್ಲ. ದ್ರೌಪದಿ ಹತ್ತಿಗೆ ಕೊಬ್ಬರಿ ಎಣ್ಣೆ ನೆನೆಸಿ ಹಣೆಯಿಂದ ಶುರುಮಾಡಿದರು. ಕಾಡಿಗೆ ಕರಗಿ ಕೆನ್ನೆಗೆ ಇಳಿಯಿತು, ತುಟಿಯ ಕೆಂಪು ಗಲ್ಲಕ್ಕೆ ಹರಡಿತು. ಹತ್ತಿಯುಂಡೆಗಳು ಒಂದೊಂದಾಗಿ ಮಿಷನ್ನಿನ ಡ್ರಾಯರಿಗೆ ಬಿದ್ದವು. ಕೆಳಗಿನ ಮುಖ ಬಂತು, ಮೂವತ್ತೈದು ದಾಟಿದ ದರ್ಜಿಯ ಮುಖ, ದವಡೆಯ ಮೇಲೆ ಗಡ್ಡದ ನೆರಳು. ಜಾವಾದವರು ಕೊಂಡೆ ಕಳಚಿದರು. ಒಳಗೆ ಬೋಳು ನೆತ್ತಿ. ಲಂಡನ್ನಿನವರ ಮೀಸೆ ಕಿತ್ತ ಜಾಗ ಕೆಂಪಾಗಿತ್ತು, ದ್ರೌಪದಿ “ಎಣ್ಣೆ ಹಚ್ಚಕ್ಕೇಳಿ” ಅಂದರು. ಹೇಮಾವತಿ ಯಾರೂ ಕೇಳದೆಯೇ ಬೇಲೂರನ್ನು ತೆಗೆದರು. ಬೀರು, ಮದುವೆಯ ಫೋಟೊ, ಹಾಸಿಗೆಯ ಮೇಲೆ ಮಡಿಚದ ಬಟ್ಟೆ ಎಲ್ಲ ಕಾಣಿಸಿದವು. ಒಂದು ನಿಮಿಷ ಹಾಗೆಯೇ ಇದ್ದು ಕೈ ಬೀಸಿ ಹೋದರು.

ರಾತ್ರಿ ಬಸ್ಸಿಲ್ಲ. ಆ ಚಾಪೆಯ ಮೇಲೇ ಮಲಗಿದೆ.

ಬೆಳಿಗ್ಗೆ ಕೆಳಗಿನ ನಲ್ಲಿಯಲ್ಲಿ ನೀರು ಬಂದಿತ್ತು. ಇಬ್ಬರೂ ಬಿಂದಿಗೆ ಹಿಡಿದು ಇಳಿದೆವು. ಮನೆಯೊಡೆಯರ ತಾಯಿ ಜಗುಲಿಯ ಮೇಲೆ ಕೂತು ಅವರೆಕಾಳು ಆರಿಸುತ್ತಿದ್ದರು. ಎಂಬತ್ತು ದಾಟಿದ ಅಜ್ಜಿ, ಮೂಡಲಪಾಯದ ಆಟ ನೋಡಿ ಬೆಳೆದವರು. 2020ರಲ್ಲಿ ಜನರನ್ನು ಒಳಗೆ ಬಿಡದೆ ಹಾಸನಾಂಬೆಯ ದರ್ಶನವನ್ನು ಪರದೆಯಲ್ಲೇ ತೋರಿಸಿದಾಗ ಮೊಬೈಲಿಗೇ ಆರತಿ ಎತ್ತಿದವರಂತೆ. ಇವರನ್ನು ನೋಡಿ ಮೊರ ಕೆಳಗಿಟ್ಟರು.

“ರಾತ್ರಿ ಗೆಜ್ಜೆ ಕೇಳುಸ್ತು. ಯಾವೂರಲ್ ನಾಟ್ಕ?”

“ದೂರದೂರು ಅಜ್ಜಿ” ಅಂದರು ಇವರು, ಬಿಂದಿಗೆಯನ್ನು ನಲ್ಲಿಯ ಕೆಳಗೆ ಇಡುತ್ತ.

“ದ್ರೋಪ್ತಿ ಚೆನ್ನಾಗಿದ್ಲು. ಆಮೇಲ್ ಒಂದ್ ಕುಣುದ್ಯಲ್ಲ, ಅದು, ಮೂರ್ನೇ ಸುತ್ಗೆ ತಾಳ ತಪ್ತು ಕಣ್ ಮಗ.”